ಒಂದು, ಸೊನ್ನೆ, ಸೊನ್ನೆ

ಡಾಕ್ಟರ ಚೀಟಿಯಲ್ಲಿ ಮಾತ್ರೆಯ ಹೆಸರಿನ ಪಕ್ಕ ಮೂರು ಅಂಕಿ ಇರುತ್ತವೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ನೋವಿನ ಮಾತ್ರೆಗೆ 1-0-1, ನಿದ್ದೆ ಬರಿಸುವ ಅಲರ್ಜಿ ಮಾತ್ರೆಗೆ 0-0-1. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಬರೆದಿದ್ದರೆ ಸಾಮಾನ್ಯವಾಗಿ 1-0-0. ವೈಸೊಲೋನ್, ಓಮ್ನಾಕಾರ್ಟಿಲ್ ಎಂದು ಹೊರಗಿನ ಹೆಸರು ಬೇರೆ ಬೇರೆ, ಒಳಗಿರುವುದು ಅದೇ. ತಿಪಟೂರಿನಲ್ಲಿ ನಮ್ಮ ಮಾವನವರು ಹಾಕಿದ ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ ನಿಂತು ಸ್ಟ್ರಿಪ್ ಕತ್ತರಿಸುತ್ತಾ ನಾನು ಈ ಮೂರಂಕಿಯನ್ನು ಬಾಯಲ್ಲೂ ಹೇಳುತ್ತೇನೆ: "ಬೆಳಿಗ್ಗೆ ತಿಂಡಿ ಆದ್ಮೇಲೆ. ರಾತ್ರಿ ಬೇಡ." ಓದಲು ಬಾರದವರಿಗೆ ಕವರಿನ ಮೇಲೆ ಪೆನ್ನಿನಲ್ಲಿ ಒಂದು ಸೂರ್ಯ ಬರೆದುಕೊಡುತ್ತೇನೆ.

ತಲೆಯಾಡಿಸಿ ಹೋಗುತ್ತಾರೆ. ಮುಂದಿನ ತಿಂಗಳು ಬಂದಾಗ ವಿಚಾರಿಸಿದರೆ, "ರಾತ್ರಿ ಊಟ ಆದ್ಮೇಲೆ ಎಲ್ಲಾ ಒಟ್ಟಿಗೆ ನುಂಗ್ಬಿಡ್ತೀನಿ ಕಣವ್ವ. ಬೆಳಿಗ್ಗೆ ತೋಟಕ್ಕೆ ಹೋಗೋ ಗಡಿಬಿಡೀಲಿ ಯಾರಿಗೆ ನೆನಪಿರುತ್ತೆ" ಎಂಬ ಉತ್ತರ. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಅಂಕಿ ಮಾತ್ರ ಕೊಟ್ಟು ಕಾರಣ ಕೊಡದಿದ್ದರೆ ಯಾರಾದರೂ ತಮಗೆ ಅನುಕೂಲವಾದ ಹೊತ್ತನ್ನೇ ಆರಿಸಿಕೊಳ್ಳುತ್ತಾರೆ. ಡಾಕ್ಟರಿಗೆ ಹೊರಗೆ ನಲವತ್ತು ಜನ ಕಾಯುತ್ತಿರುತ್ತಾರೆ. ಕಾರಣ ಹೇಳುವ ಪುರಸೊತ್ತು ಅವರಿಗೂ ಇಲ್ಲ.

ಕಾರಣ ಇರುವುದು ಮೂತ್ರಪಿಂಡಗಳ ನೆತ್ತಿಯ ಮೇಲೆ. ಅಲ್ಲಿ ಅಡ್ರಿನಲ್ ಎಂಬ ಎರಡು ಸಣ್ಣ ಗ್ರಂಥಿಗಳಿವೆ. ಅವು ಕಾರ್ಟಿಸೋಲ್ ಎಂಬ ಸ್ಟೀರಾಯ್ಡನ್ನು ಪ್ರತಿದಿನ ತಾವೇ ತಯಾರಿಸುತ್ತವೆ. ರಕ್ತದೊತ್ತಡ ಬೀಳದಂತೆ ಹಿಡಿದಿಡುವುದು, ಹೊಟ್ಟೆ ಖಾಲಿ ಇದ್ದಾಗ ರಕ್ತಕ್ಕೆ ಸಕ್ಕರೆ ಒದಗಿಸುವುದು, ಗಾಯವೋ ಸೋಂಕೋ ಆದಾಗ ಉರಿಯೂತ ಮಿತಿಮೀರದಂತೆ ನೋಡಿಕೊಳ್ಳುವುದು ಅದರ ಕೆಲಸ. ಆದರೆ ಇಪ್ಪತ್ನಾಲ್ಕು ಗಂಟೆಯೂ ಒಂದೇ ಸಮನೆ ಸುರಿಯುವುದಿಲ್ಲ. ನಡುರಾತ್ರಿಯ ಆಸುಪಾಸಿನಲ್ಲಿ ರಕ್ತದಲ್ಲಿ ಅದರ ಮಟ್ಟ ತಳ ಮುಟ್ಟಿರುತ್ತದೆ. ನಸುಕಿನ ಎರಡು ಮೂರು ಗಂಟೆಗೆ ಏರಲು ಶುರುವಾಗಿ, ನಾವು ಎದ್ದು ಮುಖ ತೊಳೆದು ಕಾಫಿ ಕುಡಿಯುವ ಹೊತ್ತಿಗೆ ಅಂದರೆ ಏಳೆಂಟು ಗಂಟೆಗೆ ತುತ್ತತುದಿಯಲ್ಲಿರುತ್ತದೆ. ಆಮೇಲೆ ದಿನವಿಡೀ ಇಳಿಮುಖ.

ಅಡ್ರಿನಲ್ ತಾನಾಗಿ ಏನನ್ನೂ ಮಾಡುವುದಿಲ್ಲ, ಅದಕ್ಕೆ ಮೇಲಿನಿಂದ ಆಜ್ಞೆ ಬರಬೇಕು. ಮಿದುಳಿನ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಪಿಟ್ಯುಟರಿ ಎಸಿಟಿಎಚ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಟ್ಟು ಅಡ್ರಿನಲ್ಲಿಗೆ ಹೇಳುತ್ತದೆ. ಮನೆಯ ಮೇಲಿನ ಟ್ಯಾಂಕಿಗೆ ಆಟೊಮ್ಯಾಟಿಕ್ ಮೋಟಾರು ಹಾಕಿಸಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ನೀರು ಇಳಿದರೆ ಮೋಟಾರು ಶುರು, ತುಂಬಿದರೆ ಬಂದ್. ನಸುಕಿನಲ್ಲಿ ಮೋಟಾರು ಶುರುವಾಗಬೇಕಾದ ಹೊತ್ತಿಗೆ ಮುಂಚೆಯೇ ಯಾರೋ ಟ್ಯಾಂಕರ್ ತರಿಸಿ ಟ್ಯಾಂಕ್ ತುಂಬಿಸಿಬಿಟ್ಟರೆ ಮೋಟಾರು ಆ ದಿನ ಸದ್ದೇ ಮಾಡುವುದಿಲ್ಲ. ರಾತ್ರಿ ಹತ್ತಕ್ಕೆ ನುಂಗಿದ ಪ್ರೆಡ್ನಿಸೊಲೋನ್ ಮಾಡುವುದು ಇದನ್ನೇ. ಅದೇ ಮಾತ್ರೆಯನ್ನು ಬೆಳಿಗ್ಗೆ ಎಂಟಕ್ಕೆ ನುಂಗಿದರೆ, ಅಷ್ಟರಲ್ಲಿ ಗ್ರಂಥಿ ಆ ದಿನದ ದೊಡ್ಡ ಪಾಲಿನ ಕೆಲಸ ಮುಗಿಸಿರುತ್ತದೆ. ಮರುದಿನ ನಸುಕಿನ ಹೊತ್ತಿಗೆ ಮಾತ್ರೆಯ ಪ್ರಭಾವವೂ ಸಾಕಷ್ಟು ತಗ್ಗಿರುತ್ತದೆ.

ಇದು ಬರೀ ತರ್ಕವಲ್ಲ ಎನ್ನುವುದಕ್ಕೆ ಡಾಕ್ಟರುಗಳೇ ದಿನನಿತ್ಯ ಮಾಡಿಸುವ ಒಂದು ಪರೀಕ್ಷೆ ಸಾಕ್ಷಿ. ಕಾರ್ಟಿಸೋಲ್ ವಿಪರೀತ ಹೆಚ್ಚಾಗಿ ಮುಖ ದುಂಡಗಾಗಿ, ಹೊಟ್ಟೆ ಬಂದು, ಕೈಕಾಲು ಸಣಕಲಾಗುವ ಕುಶಿಂಗ್ ಕಾಯಿಲೆಯ ಅನುಮಾನ ಬಂದಾಗ ರಾತ್ರಿ ಹನ್ನೊಂದರ ಸುಮಾರಿಗೆ 1 ಮಿಲಿಗ್ರಾಂ ಡೆಕ್ಸಾಮೆಥಸೋನ್ ಕೊಟ್ಟು, ಬೆಳಿಗ್ಗೆ ಎಂಟಕ್ಕೆ ರಕ್ತ ತೆಗೆದು ಕಾರ್ಟಿಸೋಲ್ ಅಳೆಯುತ್ತಾರೆ. ಆರೋಗ್ಯವಂತರಲ್ಲಿ ಆ ಒಂದೇ ಒಂದು ಸಣ್ಣ ಬಿಳಿ ಮಾತ್ರೆಗೆ ಗ್ರಂಥಿ ಸುಮ್ಮನಾಗಿಬಿಟ್ಟಿರುತ್ತದೆ. ಸುಮ್ಮನಾಗದಿದ್ದರೇ ಕಾಯಿಲೆಯ ಗುಮಾನಿ. ಗ್ರಂಥಿಯ ಬಾಯಿ ಮುಚ್ಚಿಸಬೇಕೆಂದೇ ಆರಿಸಿಕೊಂಡ ಹೊತ್ತು ರಾತ್ರಿ. ನಮ್ಮ ತೋಟದ ಯಜಮಾನರು ತಿಳಿಯದೆ ಈ ಪರೀಕ್ಷೆಯನ್ನು ತಮ್ಮ ಮೇಲೆ ದಿನಾ ಮಾಡಿಕೊಳ್ಳುತ್ತಿದ್ದಾರೆ.

ನಾಲ್ಕೈದು ದಿನದ ಕೋರ್ಸ್ ಆದರೆ ಇದರಿಂದ ದೊಡ್ಡ ನಷ್ಟವಿಲ್ಲ. ಮೂರು ವಾರ ದಾಟಿದ ಮೇಲೆ ಲೆಕ್ಕ ಬದಲಾಗುತ್ತದೆ. ನಮ್ಮ ದೇಹ ದಿನಕ್ಕೆ ತಯಾರಿಸುವ ಕಾರ್ಟಿಸೋಲಿಗೆ ಹೆಚ್ಚುಕಡಿಮೆ ಸಮನಾದದ್ದು 5 ಮಿಲಿಗ್ರಾಂ ಪ್ರೆಡ್ನಿಸೊಲೋನ್. ಅಷ್ಟೋ ಅದಕ್ಕಿಂತ ಹೆಚ್ಚೋ ತಿಂಗಳುಗಟ್ಟಲೆ ಹೊರಗಿನಿಂದ ಬರುತ್ತಿದ್ದರೆ ಅಡ್ರಿನಲ್ ಸೊರಗುತ್ತದೆ. ಬೆಳಿಗ್ಗೆ ತೆಗೆದುಕೊಂಡರೂ ಸೊರಗಬಹುದು. ರಾತ್ರಿ ತೆಗೆದುಕೊಂಡರೆ ಇನ್ನೂ ಬೇಗ, ಇನ್ನೂ ಹೆಚ್ಚು. "ನೋವು ಹೋಯ್ತು, ಇನ್ಯಾಕೆ ಮಾತ್ರೆ" ಎಂದು ಅಂಥವರು ಒಂದೇ ಸಲಕ್ಕೆ ನಿಲ್ಲಿಸಿದರೆ ಸುಸ್ತು, ವಾಂತಿ, ಬಿಪಿ ಇಳಿತ, ಕೆಲವೊಮ್ಮೆ ಪ್ರಾಣಕ್ಕೇ ಸಂಚಕಾರ. ಡಾಕ್ಟರು 10ರಿಂದ 7.5ಕ್ಕೆ, ಅಲ್ಲಿಂದ 5ಕ್ಕೆ, ಆಮೇಲೆ ಇನ್ನೂ ನಿಧಾನವಾಗಿ ಇಳಿಸುವುದು ನಿದ್ದೆ ಹೋದ ಗ್ರಂಥಿಯನ್ನು ಎಬ್ಬಿಸಲಿಕ್ಕೆ.

ಪ್ರೆಡ್ನಿಸೊಲೋನ್ ಪರಿಣಾಮ ದೇಹದಲ್ಲಿ ಸುಮಾರು 12ರಿಂದ 36 ಗಂಟೆ ಇರುತ್ತದೆ. ದಿನ ಬಿಟ್ಟು ದಿನ ಕೊಡುವ ಪದ್ಧತಿ ಹುಟ್ಟಿದ್ದು ಇದನ್ನು ನೆಚ್ಚಿಕೊಂಡೇ: ಮಾತ್ರೆ ಇಲ್ಲದ ದಿನ ಗ್ರಂಥಿ ಸ್ವಲ್ಪ ಮೈಮುರಿದು ಏಳಲಿ ಎಂದು. ಡೆಕ್ಸಾಮೆಥಸೋನಿನದು 36ರಿಂದ 72 ಗಂಟೆ. ಅದನ್ನು ಬೆಳಿಗ್ಗೆ ತೆಗೆದುಕೊಂಡರೂ ಮರುದಿನದ ನಸುಕಿಗೆ ಅದು ಇನ್ನೂ ಅಲ್ಲೇ ಇರುತ್ತದೆ, ಹಾಗಾಗಿ ಈ ಉಪಾಯ ಅದರ ಹತ್ತಿರ ನಡೆಯುವುದಿಲ್ಲ.

ನೆಫ್ರೋಟಿಕ್ ಸಿಂಡ್ರೋಮ್ ಎಂಬ ಮೂತ್ರಪಿಂಡದ ಕಾಯಿಲೆಯ ಮಕ್ಕಳಿಗೆ ದಿನ ಬಿಟ್ಟು ದಿನದ ಈ ಪದ್ಧತಿಯನ್ನು ಹೆಚ್ಚಾಗಿ ಕಾಣುತ್ತೇನೆ. ಮುಖ, ಕಣ್ಣಿನ ರೆಪ್ಪೆ ಊದಿಕೊಂಡು ಬಂದ ಮಗುವಿಗೆ ಸಾಮಾನ್ಯವಾಗಿ ಆರು ವಾರ ಪ್ರತಿದಿನ, ಆಮೇಲೆ ಆರು ವಾರ ದಿನ ಬಿಟ್ಟು ದಿನ ಬೆಳಿಗ್ಗೆ ಒಂದೇ ಸಲಕ್ಕೆ ಕೊಡುತ್ತಾರೆ. ತಾಯಂದಿರು ನೆನಪಿಗಾಗಿ 'ಬೆಸ ತಾರೀಖಿಗೆ ಕೊಡ್ತೀನಿ' ಎಂದು ನಿಶ್ಚಯಿಸಿಕೊಳ್ಳುತ್ತಾರೆ. ಜೂನ್ ಮುಗಿಯುವವರೆಗೆ ಸರಿ. ಜುಲೈ 31 ಬೆಸ, ಆಗಸ್ಟ್ 1 ಕೂಡ ಬೆಸ. ಅದಕ್ಕೇ ನಾನು ತಾರೀಖಿನ ಲೆಕ್ಕ ಬಿಡಿಸಿ, ಗೋಡೆಯ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಕೊಡುವ ದಿನಕ್ಕೆ ಸುತ್ತು ಹಾಕಿಸುತ್ತೇನೆ. ಸುತ್ತು ಹಾಕಿದ ದಿನ ಇಡ್ಲಿಯೋ ಚಿತ್ರಾನ್ನವೋ ತಿಂದ ಮೇಲೆ ಮಾತ್ರೆ, ಮಾತ್ರೆಯಾದ ಮೇಲೆ ಸುತ್ತಿನೊಳಗೆ ಗೀಟು.

ತಿಂಡಿ ಆದ ಮೇಲೆಯೇ ಯಾಕೆ ಎಂಬುದಕ್ಕೂ ಗ್ರಂಥಿಗೂ ಸಂಬಂಧವಿಲ್ಲ, ಅದು ಹೊಟ್ಟೆಯ ವಿಚಾರ. ಬರೀ ಹೊಟ್ಟೆಗೆ ಬಿದ್ದರೆ ಉರಿ, ಸಂಕಟ. ಜೊತೆಗೆ ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಯೂ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗುವ, ರಕ್ತ ಸೋರುವ ಅಪಾಯ ನಿಜವಾಗಿಯೂ ಏರುತ್ತದೆ. ಮಂಡಿನೋವಿನ ಅಜ್ಜಿಯರು ಸ್ಟೀರಾಯ್ಡ್ ಚೀಟಿ ಕೊಟ್ಟು "ಜೊತೇಲಿ ಆ ನೋವಿನ ಮಾತ್ರೆನೂ ಎರಡು ಹಾಕಮ್ಮ" ಎಂದಾಗ ನಾನು ಕೊಡುವುದಿಲ್ಲ. ಸಿಟ್ಟು ಮಾಡಿಕೊಂಡು ಪಕ್ಕದಂಗಡಿಗೆ ಹೋದವರೂ ಇದ್ದಾರೆ. ಏಕಾದಶಿ, ಶಿವರಾತ್ರಿ ಉಪವಾಸ ಎಂದು ಮಾತ್ರೆಯನ್ನೇ ಬಿಡುವವರಿಗೆ ನನ್ನ ಮಾತು ಇಷ್ಟೇ: ಹಾಲೋ ಬಾಳೆಹಣ್ಣೋ ತಿಂದು ನುಂಗಿ, ದೇವರು ಬೇಡ ಅನ್ನುವುದಿಲ್ಲ. ರಂಜಾನಿನಲ್ಲಿ ದಿನಕ್ಕೊಂದು ಮಾತ್ರೆ ಇರುವವರು ಸಹ್ರಿಯ ಊಟದ ಜೊತೆ ತೆಗೆದುಕೊಳ್ಳಬಹುದು. ಆದರೆ ಆ ಕಾಯಿಲೆಯಲ್ಲಿ ಉಪವಾಸ ಮಾಡಬಹುದೇ ಎಂದು ಡಾಕ್ಟರನ್ನು ತಿಂಗಳು ಮುಂಚೆಯೇ ಕೇಳಿಕೊಂಡಿರಬೇಕು.

ರಾತ್ರಿ ಬೇಡ ಎನ್ನುವುದಕ್ಕೆ ಇನ್ನೊಂದು ಕಾರಣವನ್ನು ಯಾರೂ ಹೇಳಿಕೊಡಬೇಕಿಲ್ಲ, ತೆಗೆದುಕೊಂಡವರಿಗೇ ಗೊತ್ತಾಗುತ್ತದೆ. ನಿದ್ದೆ ಹಾರಿಹೋಗುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ಒರೆಸಿದೆ ಎಂದು ನಮ್ಮ ಬೀದಿಯ ಒಬ್ಬರು ಹೇಳಿದ್ದರು, ಜೊತೆಗೆ ವಿಪರೀತ ಹಸಿವು ಬೇರೆ. ಕ್ಯಾನ್ಸರ್ ರೋಗಿಗಳಿಗೆ ಡೆಕ್ಸಾಮೆಥಸೋನನ್ನು ದಿನಕ್ಕೆರಡು ಸಲ ಬರೆದಾಗಲೂ ಎರಡನೆಯದನ್ನು ಮಧ್ಯಾಹ್ನದೊಳಗೇ ಮುಗಿಸಿ ಎನ್ನುವುದು ನಿದ್ದೆ ಉಳಿಸಲಿಕ್ಕಾಗಿ.

ಇಷ್ಟೆಲ್ಲ ಹೇಳಿದ ಮೇಲೆ, ಬೆಳಗಿನ ಮಾತ್ರೆ ಎಲ್ಲ ಕಾಯಿಲೆಗೂ ಅತಿ ಒಳ್ಳೆಯ ಹೊತ್ತಿಗೆ ಬೀಳುತ್ತದೆ ಎಂದುಕೊಳ್ಳಬೇಡಿ. ಅದು ಗ್ರಂಥಿಗೆ ಒಳ್ಳೆಯ ಹೊತ್ತು. ಕಾಯಿಲೆಗೆ ಅದರದೇ ಗಡಿಯಾರವಿದೆ.

ರುಮಟಾಯ್ಡ್ ಆರ್ಥರೈಟಿಸ್ ಇರುವವರನ್ನು ಕೇಳಿ. ಬೆಳಿಗ್ಗೆ ಏಳುವಾಗ ಬೆರಳು ಮಡಚಲು ಬರುವುದಿಲ್ಲ. ನಮ್ಮಲ್ಲಿಗೆ ಬರುವ ನಿವೃತ್ತ ಟೀಚರ್ ಒಬ್ಬರಿಗೆ ರಂಗೋಲಿ ಹಿಟ್ಟು ಬೆರಳ ಸಂದಿಯಿಂದ ಬಿಡಲು ಒಂಬತ್ತು ಗಂಟೆಯಾಗಬೇಕು. ಅಷ್ಟು ಹೊತ್ತಿಗೆ ಬೀದಿಯ ರಂಗೋಲಿಗಳೆಲ್ಲ ಅರ್ಧ ಅಳಿಸಿರುತ್ತವೆ ಎಂದು ಅವರೇ ನಗುತ್ತಾರೆ. ಉರಿಯೂತ ಹೊತ್ತಿಸುವ ಇಂಟರ್‌ಲ್ಯೂಕಿನ್-6ರಂಥ ರಾಸಾಯನಿಕಗಳು ಈ ಕಾಯಿಲೆಯಲ್ಲಿ ರಾತ್ರಿಯ ಕೊನೆಯ ಜಾವಕ್ಕೆ ಉಕ್ಕುತ್ತವೆ. ಅವನ್ನು ತಡೆಯಬೇಕಾದರೆ ಔಷಧ ಅದಕ್ಕೂ ಮುಂಚೆ ರಕ್ತದಲ್ಲಿರಬೇಕು. ಎಂಟು ಗಂಟೆಯ ಮಾತ್ರೆ ತಲುಪುವಷ್ಟರಲ್ಲಿ ಕೀಲು ಹಿಡಿದು ಆಗಿರುತ್ತದೆ.

ಸ್ವೀಡನ್ನಿನ ಉಪ್ಸಾಲಾದ ವೈದ್ಯರು ಇದನ್ನು ನೇರವಾಗಿಯೇ ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದರು. 26 ರೋಗಿಗಳಲ್ಲಿ ಅರ್ಧ ಮಂದಿಯನ್ನು ನಸುಕಿನ ಎರಡು ಗಂಟೆಗೆ ಎಬ್ಬಿಸಿ 5 ಅಥವಾ 7.5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಕೊಟ್ಟರು, ಉಳಿದವರಿಗೆ ಏಳೂವರೆಗೆ. ಎರಡು ಗಂಟೆಯವರ ಬಿಗಿತ, ನೋವು ಹೆಚ್ಚು ಇಳಿಯಿತು. ಆದರೆ ಯಾರು ದಿನಾ ಎರಡು ಗಂಟೆಗೆ ಅಲಾರಾಂ ಇಟ್ಟುಕೊಳ್ಳುತ್ತಾರೆ? ಹಾಗಾಗಿ ಮುಂದೆ ಒಂದು ಮಾತ್ರೆ ಬಂತು. ರಾತ್ರಿ ಹತ್ತಕ್ಕೆ ನುಂಗಿದರೆ ಅದರ ಹೊದಿಕೆ ನಾಲ್ಕು ಗಂಟೆ ಒಡೆಯದೆ ಇದ್ದು, ಎರಡರ ಹೊತ್ತಿಗೆ ಒಳಗಿನ ಪ್ರೆಡ್ನಿಸೋನನ್ನು ಬಿಡುತ್ತದೆ. 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ ಅದನ್ನು ತೆಗೆದುಕೊಂಡವರ ಬೆಳಗಿನ ಬಿಗಿತದ ಅವಧಿ ಸುಮಾರು ಶೇ 23ರಷ್ಟು ಕಡಿಮೆಯಾಯಿತು. ಸಾದಾ ಮಾತ್ರೆ ಬೆಳಿಗ್ಗೆ ತೆಗೆದುಕೊಂಡವರಲ್ಲಿ ಬದಲಾವಣೆ ಇಲ್ಲವೆನ್ನುವಷ್ಟು. ಆ ಮಾತ್ರೆ ನಮ್ಮ ಅಂಗಡಿಯ ರ‍್ಯಾಕಿನಲ್ಲಿ ಇಲ್ಲ, ಇಲ್ಲಿನ ಚೀಟಿಗಳಲ್ಲಿ ಬರುವುದು ಸಾದಾ ಮಾತ್ರೆಯೇ. ಮೊಬೈಲಿನಲ್ಲಿ ಇದನ್ನು ಓದಿದ ಟೀಚರು, ತಮ್ಮ ಸಾದಾ ಮಾತ್ರೆಯನ್ನೇ ಹತ್ತಕ್ಕೆ ತೆಗೆದುಕೊಂಡರೆ ಹೇಗೆ ಎಂದರು. ಸಾದಾ ಮಾತ್ರೆ ಒಂದೆರಡು ಗಂಟೆಯಲ್ಲೇ ರಕ್ತದಲ್ಲಿ ತುಂಬಿಕೊಳ್ಳುತ್ತದೆ. ಎರಡು ಗಂಟೆಗೆ ಬೇಕಾದದ್ದು ಹನ್ನೆರಡಕ್ಕೇ ಉಕ್ಕಿ, ನಿದ್ದೆಯೂ ಕೆಟ್ಟು, ಗ್ರಂಥಿಯೂ ಮಲಗುತ್ತದೆ. ಅವರ ಡಾಕ್ಟರು ಸ್ಟೀರಾಯ್ಡ್ ಹೊತ್ತು ಬದಲಿಸಲಿಲ್ಲ. ಕಾಯಿಲೆಯ ಮೂಲಕ್ಕೇ ಹಾಕುವ ವಾರದ ಮಾತ್ರೆ, ಮೆಥೊಟ್ರೆಕ್ಸೇಟ್‌ನ ಪ್ರಮಾಣ ಏರಿಸಿದರು.

ಆಸ್ತಮಾದ ಗಡಿಯಾರ ಇನ್ನೊಂದು ಥರ. ರಾತ್ರಿ ಮೂರು ನಾಲ್ಕಕ್ಕೆ ಉಬ್ಬಸ ಏರುವವರ ಮೇಲೆ ಅಮೆರಿಕದ ಡೆನ್ವರ್‌ನಲ್ಲಿ ನಡೆದ, 1992ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನದಲ್ಲಿ ಬೆಳಿಗ್ಗೆ ಎಂಟು, ಮಧ್ಯಾಹ್ನ ಮೂರು, ರಾತ್ರಿ ಎಂಟು ಎಂದು ಮೂರು ಹೊತ್ತಿನ ಪ್ರೆಡ್ನಿಸೋನನ್ನು ಹೋಲಿಸಿದರು. ಗೆದ್ದದ್ದು ಮಧ್ಯಾಹ್ನ ಮೂರು. ಇದನ್ನು ಓದಿ ಯಾರೂ ತಮ್ಮ ಮಾತ್ರೆಯನ್ನು ಮಧ್ಯಾಹ್ನಕ್ಕೆ ಸರಿಸಬೇಕಿಲ್ಲ. ಆದರೆ ಡಾಕ್ಟರು 0-1-0 ಎಂದು ಬರೆದಿದ್ದರೆ ಅದು ಕೈತಪ್ಪು ಎಂದುಕೊಂಡು ಬೆಳಿಗ್ಗೆಗೆ ತಿದ್ದಿಕೊಳ್ಳಲೂಬೇಡಿ. ಕಾಯಿಲೆ ಜೋರಾಗಿದ್ದಾಗ 1-0-1 ಎಂದೂ ಬರೆಯುತ್ತಾರೆ. ಆಗ ಗ್ರಂಥಿಗಿಂತ ರೋಗಿಯನ್ನು ಉಳಿಸಿಕೊಳ್ಳುವುದು ಮೊದಲು. ಇನ್‌ಹೇಲರ್ ಮೂಲಕ ಎಳೆದುಕೊಳ್ಳುವ ಸ್ಟೀರಾಯ್ಡ್ ಪ್ರಮಾಣ ಮೈಕ್ರೊಗ್ರಾಂ ಲೆಕ್ಕದ್ದು, ಅದಕ್ಕೆ ಈ ಹೊತ್ತಿನ ಕಟ್ಟುಪಾಡು ಇಲ್ಲ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲವಾದರೆ ಬಾಯಲ್ಲಿ ಬಿಳಿ ಫಂಗಸ್ಸು ಬರುತ್ತದೆ. ಜಿಮ್ಮಿನ ಹುಡುಗರು ಕದ್ದುಮುಚ್ಚಿ ಕೇಳುವ ಸ್ಟೀರಾಯ್ಡ್ ಬೇರೆಯೇ ಜಾತಿ, ಅದರ ಮಾತು ಇಲ್ಲಿ ಬೇಡ.

ನನಗೆ ಎಲ್ಲಕ್ಕಿಂತ ತಲೆನೋವು ತಂದಿರುವುದು ಶುಗರ್. ಬೆಳಿಗ್ಗೆ ತೆಗೆದುಕೊಂಡ ಪ್ರೆಡ್ನಿಸೊಲೋನ್ ಸಕ್ಕರೆಯನ್ನು ಏರಿಸುವುದು ಮಧ್ಯಾಹ್ನದ ಊಟದ ನಂತರ, ಸಂಜೆಯವರೆಗೆ. ರಾತ್ರಿ ಕಳೆಯುವಷ್ಟರಲ್ಲಿ ಇಳಿದಿರುತ್ತದೆ. ನಮ್ಮ ಜನ ರಕ್ತ ಕೊಡುವುದು ಯಾವಾಗ? ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ. ಕೊಬ್ಬರಿ ವ್ಯಾಪಾರದ ಒಬ್ಬರು 104 ಎಂಬ ರಿಪೋರ್ಟ್ ಹಿಡಿದು "ಶುಗರ್ ಏನೂ ಇಲ್ಲ ನೋಡಿ ಮೇಡಂ" ಎಂದರು. ಬಾಯಾರಿಕೆ, ಪದೇಪದೇ ಮೂತ್ರ ಎಂದದ್ದು ಕೇಳಿ, ಸಂಜೆ ಐದಕ್ಕೆ ಅಂಗಡಿಯ ಗ್ಲೂಕೋಮೀಟರಿನಲ್ಲಿ ಬೆರಳು ಚುಚ್ಚಿ ನೋಡಿದರೆ 268. ಯಂತ್ರ ಕೆಟ್ಟಿದೆ ಎಂದು ಅವರ ವಾದ. ಸ್ಟೀರಾಯ್ಡ್ ಮೇಲಿರುವವರು, ಅದರಲ್ಲೂ ಮೊದಲೇ ಶುಗರ್ ಇದ್ದವರು, ಮಧ್ಯಾಹ್ನದ ಊಟವಾಗಿ ಎರಡು ಗಂಟೆಗೆ ಅಥವಾ ರಾತ್ರಿ ಊಟಕ್ಕೆ ಮುಂಚೆ ಪರೀಕ್ಷೆ ಮಾಡಿಸಬೇಕು. ಇನ್ಸುಲಿನ್ ಹೊತ್ತನ್ನೂ ಡಾಕ್ಟರು ಅದಕ್ಕೆ ತಕ್ಕಂತೆ ಬೆಳಿಗ್ಗೆಗೆ ತರುತ್ತಾರೆ. ರಾತ್ರಿಯ ಇನ್ಸುಲಿನ್ ಏರಿಸಿದರೆ ನಸುಕಿನಲ್ಲಿ ಶುಗರ್ ಕುಸಿಯಬಹುದು.

ಹೀಗೆ ಗೊತ್ತಾಗದೆ ಏರುವ ಶುಗರ್ ಎಷ್ಟು ದುಬಾರಿಯಾಗಬಹುದೆಂದು 2021ರಲ್ಲಿ ನೋಡಿದೆವು. ಅದಕ್ಕೆ ಹಿಂದಿನ ವರ್ಷ ಬ್ರಿಟನ್ನಿನ ರಿಕವರಿ ಪ್ರಯೋಗ, ಆಕ್ಸಿಜನ್ ಬೇಕಾದ ಕೋವಿಡ್ ರೋಗಿಗಳಿಗೆ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಸೋನ್, ಹೆಚ್ಚೆಂದರೆ ಹತ್ತು ದಿನ ಕೊಟ್ಟರೆ ಜೀವ ಉಳಿಯುತ್ತದೆ ಎಂದು ತೋರಿಸಿತ್ತು. ಎರಡನೇ ಅಲೆಯಲ್ಲಿ ಆ 'ಆಕ್ಸಿಜನ್ ಬೇಕಾದ' ಎಂಬ ಮಾತು ಎಲ್ಲೋ ಉದುರಿಹೋಯಿತು. ವಾಟ್ಸ್ಆ್ಯಪಿನಲ್ಲಿ ಬಂದ ಪಟ್ಟಿ ಹಿಡಿದು, ಬರೀ ಜ್ವರಕ್ಕೆ, ಚೀಟಿ ಇಲ್ಲದೆ ಕೇಳಲು ಬಂದರು. ಶುಗರ್ ಏರಿದ್ದು ಗೊತ್ತಾಗದೆ ಉಳಿದವರಲ್ಲಿ ಕೆಲವರಿಗೆ ಬ್ಲ್ಯಾಕ್ ಫಂಗಸ್ ಹಿಡಿದು ಕಣ್ಣು ತೆಗೆಯಬೇಕಾಯಿತು. ಪ್ರೆಡ್ನಿಸೊಲೋನ್, ಡೆಕ್ಸಾಮೆಥಸೋನ್ ಎರಡೂ ಶೆಡ್ಯೂಲ್ ಎಚ್ ಔಷಧಗಳು, ಚೀಟಿ ಇಲ್ಲದೆ ಮಾರಬಾರದು. ಕಾನೂನು ಹಾಗಿದೆ, ಕೌಂಟರು ಹೀಗಿದೆ ಎಂದಷ್ಟೇ ಹೇಳಬಲ್ಲೆ.

ಇದಕ್ಕೆಲ್ಲ ತದ್ವಿರುದ್ಧವಾದ ಒಂದು ಗುಂಪಿದೆ. ಲಂಡನ್ನಿನ ತಾಮಸ್ ಅಡಿಸನ್ 1855ರಲ್ಲಿ ವಿವರಿಸಿದ ಕಾಯಿಲೆಯಲ್ಲಿ ಅಡ್ರಿನಲ್ ಗ್ರಂಥಿಯೇ ಹಾಳಾಗಿರುತ್ತದೆ. ನಮ್ಮ ದೇಶದಲ್ಲಿ ಅದಕ್ಕೆ ಕ್ಷಯವೂ ಒಂದು ಕಾರಣ. ಇವರಿಗೆ ಮಾತ್ರೆ ಗ್ರಂಥಿಯ ಕೆಲಸಕ್ಕೆ ಅಡ್ಡ ಬರುವ ಪ್ರಶ್ನೆಯಿಲ್ಲ, ಮಾತ್ರೆಯೇ ಗ್ರಂಥಿ. ಹಾಗಾಗಿ ಹೈಡ್ರೊಕಾರ್ಟಿಸೋನನ್ನು ದೇಹದ ಏರಿಳಿತವನ್ನೇ ಅನುಸರಿಸಿ ಕೊಡುತ್ತಾರೆ: ಎದ್ದ ತಕ್ಷಣ ದೊಡ್ಡ ಪಾಲು, ಮಧ್ಯಾಹ್ನ ಸಣ್ಣದು, ಬೇಕಾದರೆ ಸಂಜೆಗೆ ಮುಂಚೆ ಇನ್ನೊಂದು ಸಣ್ಣದು. ಒಟ್ಟು ಸಾಮಾನ್ಯವಾಗಿ 15ರಿಂದ 25 ಮಿಲಿಗ್ರಾಂ. ತಿಂಡಿಗೆ ಕಾಯುವುದಿಲ್ಲ, ಹಾಸಿಗೆಯ ಪಕ್ಕದಲ್ಲೇ ಮಾತ್ರೆ, ನೀರು ಇಟ್ಟುಕೊಂಡಿರುತ್ತಾರೆ. ಒಂದು ಹೊತ್ತೂ ತಪ್ಪಿಸುವಂತಿಲ್ಲ. ಜ್ವರ ಬಂದರೆ ಪ್ರಮಾಣ ಎರಡು ಮೂರು ಪಟ್ಟು ಮಾಡಬೇಕೆಂದು ಡಾಕ್ಟರು ಮೊದಲೇ ಹೇಳಿಕೊಟ್ಟಿರುತ್ತಾರೆ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್ನಿಗೆ ಆಸ್ಪತ್ರೆಗೆ ಓಡಬೇಕು. ರಾತ್ರಿ ಪಾಳಿಯ ನರ್ಸ್, ವಾಚ್‌ಮನ್, ಬಸ್ ಡ್ರೈವರುಗಳಿಗೆ 'ಬೆಳಿಗ್ಗೆ' ಯಾವುದು ಎಂಬ ಪ್ರಶ್ನೆಯೂ ಬರುತ್ತದೆ. ಸಾಮಾನ್ಯವಾಗಿ ಮಲಗಿ ಎದ್ದ ಹೊತ್ತೇ ಅವರಿಗೆ ಬೆಳಿಗ್ಗೆ. ಪಾಳಿ ವಾರಕ್ಕೊಮ್ಮೆ ತಿರುಗುವವರು ಇದನ್ನು ಡಾಕ್ಟರಿಗೆ ಹೇಳಲೇಬೇಕು, ಅವರಾಗಿ ಕೇಳುವುದಿಲ್ಲ.

ಈಚೆಗೆ ಹೊಸ ಥರದ ಲೆಕ್ಕವೂ ಬರುತ್ತಿದೆ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ನಮ್ಮ ಕಡೆಯ ಅಮ್ಮಂದಿರ ಬ್ಯಾಗಿನಲ್ಲಿ ಈಗ ಆರು ತಿಂಗಳ ಮಾತ್ರೆ ಇರುತ್ತದೆ. ವರ್ಷಗಳಿಂದ 7.5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಮೇಲಿರುವ ಒಬ್ಬರು, "ಅಲ್ಲಿ ಬೆಳಿಗ್ಗೆ ಆದಾಗ ಇಲ್ಲಿ ರಾತ್ರಿ ಅಂತೆ. ನಾನು ಯಾವ ಬೆಳಿಗ್ಗೆ ತಗೊಳ್ಳಲಿ?" ಎಂದರು. ಬೇಸಿಗೆಯಲ್ಲಿ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಕವರಿನ ಹಿಂದೆ ಬರೆದು ನೋಡಿದೆ. ಹೊರಡುವ ದಿನ ಇಲ್ಲಿ ಬೆಳಿಗ್ಗೆ ಎಂಟಕ್ಕೆ ಒಂದು, ಮರುದಿನ ಅಲ್ಲಿ ಬೆಳಿಗ್ಗೆ ಎಂಟಕ್ಕೆ ಇನ್ನೊಂದು ಎಂದರೆ ನಡುವೆ ಮೂವತ್ತಾರೂವರೆ ಗಂಟೆಯ ಅಂತರ. ಗ್ರಂಥಿ ಮಲಗಿರುವವರಿಗೆ ಅದು ತೀರಾ ಹೆಚ್ಚು. ಅವರೆದುರೇ ಡಾಕ್ಟರಿಗೆ ಫೋನ್ ಮಾಡಿದೆ. ವಿಮಾನದಲ್ಲಿ ಎರಡನೇ ಊಟದ ಜೊತೆ ಅರ್ಧ ಡೋಸ್, ಇಳಿದ ಮರುದಿನದಿಂದ ಅಲ್ಲಿನ ಬೆಳಗಿನ ತಿಂಡಿ ಆದ ಮೇಲೆ ಪೂರ್ತಿ, ವಾಪಸ್ ಬರುವಾಗ ಮತ್ತೆ ಕೇಳಿಕೊಳ್ಳಿ ಎಂದರು. ಕವರಿನ ಮೇಲೆ ಹಾಗೇ ಬರೆದೆ. ಮಾತ್ರೆಯನ್ನೂ ಚೀಟಿಯನ್ನೂ ದೊಡ್ಡ ಸೂಟ್‌ಕೇಸಿಗೆ ಹಾಕಬೇಡಿ, ಅದು ದಾರಿಯಲ್ಲಿ ತಪ್ಪಿಹೋದರೆ ಫಜೀತಿ, ಕೈಚೀಲದಲ್ಲೇ ಇರಲಿ ಎಂದೆ. "ಕೈಚೀಲದ ತುಂಬ ಮಗೂಗೆ ಅಂತ ರಾಗಿಹಿಟ್ಟು ಇದೆಯಲ್ಲಮ್ಮ" ಎಂದರು. ರಾಗಿಹಿಟ್ಟನ್ನು ಸೂಟ್‌ಕೇಸಿಗೆ ಸಾಗಿಸಲು ಒಪ್ಪಿಸುವುದಕ್ಕೆ ಮಾತ್ರೆಯ ಲೆಕ್ಕಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.